ಹೊಸ ಮಾನಿಟರಿನಲ್ಲಿ ಹಳೆ ಬಿಲ್ಲಿಂಗ್: ಅಕ್ಷರ ಬೆಳೆಯಲಿ, ಜಾಗ ಅದೇ ಇರಲಿ

ಪ್ರಶ್ನೆ: ಮಂಗಳೂರಿನ ಬಂದರಿನಲ್ಲಿ ನಮ್ಮದು ಅಡಿಕೆ ವ್ಯಾಪಾರ. ಬಿಲ್ ಮಾಡಲು ವಿಷುವಲ್ ಬೇಸಿಕ್ 6ರಲ್ಲಿ ಬರೆಸಿದ ಹಳೆ ಸಾಫ್ಟ್‌ವೇರ್ ಇದೆ. ಅದರ ಸೋರ್ಸ್ ಕೋಡ್ ಕೂಡ ನಮ್ಮ ಹತ್ತಿರವೇ ಇದೆ. ಮೊನ್ನೆ ಸಿಡಿಲಿಗೆ 15 ಇಂಚಿನ ಹಳೆ ಮಾನಿಟರ್ ಹೋಯಿತು. 21.5 ಇಂಚಿನ ಫುಲ್ ಎಚ್‌ಡಿ ಮಾನಿಟರ್ ತಂದೆವು. ಈಗ ಸಾಫ್ಟ್‌ವೇರ್ ಸ್ಕ್ರೀನಿನ ಒಂದು ಮೂಲೆಯಲ್ಲಿ ಸಣ್ಣದಾಗಿ ಕೂರುತ್ತದೆ. ಮ್ಯಾಕ್ಸಿಮೈಸ್ ಮಾಡಿದರೆ ಬಲಕ್ಕೂ ಕೆಳಕ್ಕೂ ಬೂದು ಬಣ್ಣದ ಖಾಲಿ ಜಾಗ ಬರುತ್ತದೆ, ಒಳಗಿನ ಅಕ್ಷರ ಮಾತ್ರ ಹಾಗೇ ಇರುತ್ತದೆ. "ಅಕ್ಷರ ಇರುವೆ ಹಾಗೆ ಕಾಣ್ತದೆ ಮಾರಾಯ್ತಿ" ಅಂತ ಅಪ್ಪ ದಿನಾ ಹೇಳ್ತಾರೆ. ರೆಸಲ್ಯೂಶನ್ 1024×768ಕ್ಕೆ ಇಳಿಸಿ ನೋಡಿದೆ. ಎಲ್ಲ ಅಡ್ಡಕ್ಕೆ ಎಳೆದ ಹಾಗೆ, ಮಸುಕಾಗಿ ಕಂಡಿತು. ಒಳಗಿನದೆಲ್ಲ ಸ್ಕ್ರೀನ್ ತುಂಬ ದೊಡ್ಡದಾಗಿ ಬರುವ ಹಾಗೆ ಮಾಡುವುದು ಹೇಗೆ? ನನಗೆ ಸ್ವಲ್ಪ ಕೋಡಿಂಗ್ ಬರುತ್ತದೆ, ಸಿ ಶಾರ್ಪ್ ಕಲಿತಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರು ಇವೆ. ಅಪ್ಪನ ದೂರು ಅಕ್ಷರದ್ದು. ನಿಮ್ಮ ದೂರು ಖಾಲಿ ಜಾಗದ್ದು. ಮೇಲ್ನೋಟಕ್ಕೆ ಎರಡೂ ಒಂದೇ ಅನಿಸುತ್ತದೆ, ಆದರೆ ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ನನ್ನ ಪ್ರಕಾರ ಅಪ್ಪನ ದೂರನ್ನು ಮೊದಲು ತೆಗೆದುಕೊಳ್ಳಬೇಕು. ಅವರಿಗೆ ಅಕ್ಷರ ದೊಡ್ಡದಾಗಬೇಕು. ಅದರ ಜೊತೆಗೆ ಅವರು ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಇದೆ. ವರ್ಷಗಟ್ಟಲೆ ಅದೇ ಪರದೆಯಲ್ಲಿ ಬಿಲ್ ಮಾಡಿದವರಿಗೆ ಪಾರ್ಟಿ ಹೆಸರು ಮೇಲೆ ಎಡಕ್ಕೆ, ಗೋಣಿ, ತೂಕ, ದರ ನಡುವೆ, ಒಟ್ಟು ಕೆಳಗೆ ಬಲಕ್ಕೆ ಎನ್ನುವುದು ಕಣ್ಣಿಗೂ ಕೈಗೂ ಪಾಠವಾಗಿರುತ್ತದೆ. ಆ ಜಾಗಗಳನ್ನು ನಾವು ಕದಲಿಸಬಾರದು. ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಎಲ್ಲ ತೀರ್ಮಾನ ಸಲೀಸು.

ಮೊದಲು ಏನಾಯಿತು ಅಂತ ನೋಡೋಣ. ನಿಮ್ಮ ಹಳೆ ಮಾನಿಟರಿನಲ್ಲಿ ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆಗಳು (ಪಿಕ್ಸೆಲ್). 15 ಇಂಚಿಗೆ ಲೆಕ್ಕ ಹಾಕಿದರೆ ಒಂದು ಇಂಚಿನಲ್ಲಿ ಸುಮಾರು 85 ಚುಕ್ಕೆ. ಹೊಸದರಲ್ಲಿ 1920×1080. ಇಂಚಿಗೆ ಸುಮಾರು 102. ವಿಷುವಲ್ ಬೇಸಿಕ್ ಫಾರ್ಮ್, ಅಂದರೆ ಬಿಲ್ ತುಂಬಿಸುವ ಆ ಕಿಟಕಿ, ಮಾತ್ರ ಎರಡರಲ್ಲೂ ಅಷ್ಟೇ ಚುಕ್ಕೆಗಳನ್ನು ಬಳಸುತ್ತದೆ. ಹಾಗಾಗಿ ಹಳೆಯದರಲ್ಲಿ 12 ಇಂಚು ಅಗಲ ಇದ್ದ ಫಾರ್ಮ್ ಹೊಸದರಲ್ಲಿ 10 ಇಂಚಿಗೆ ಇಳಿಯಿತು. ಹೊಸ ಸ್ಕ್ರೀನಿನ ಅಗಲವೋ 18 ಇಂಚಿಗೂ ಜಾಸ್ತಿ. ಅಕ್ಷರ ಆರರಲ್ಲಿ ಒಂದು ಪಾಲು ಸಣ್ಣದಾಗಿದೆ. ಮಾನಿಟರ್ ದೊಡ್ಡದಾಯಿತು, ಅಕ್ಷರ ಚಿಕ್ಕದಾಯಿತು ಅಂತ ಅಪ್ಪನಿಗೆ ಅನಿಸಿದ್ದು ಭ್ರಮೆ ಅಲ್ಲ, ನಿಜ. ಹೊಸ ಲ್ಯಾಪ್‌ಟಾಪ್ ತಂದವರಿಗೆ ಇದು ಇನ್ನೂ ಜೋರಾಗಿ ತಟ್ಟುತ್ತದೆ. 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 141 ಚುಕ್ಕೆ ಬರುತ್ತದೆ.

ನೀವು ರೆಸಲ್ಯೂಶನ್ ಇಳಿಸಿದ್ದು ಎಲ್ಲರೂ ಮೊದಲು ಮಾಡುವ ಕೆಲಸ. ಅದು ಯಾಕೆ ಕೆಟ್ಟದಾಗಿ ಕಂಡಿತು ಅಂತ ತಿಳಿದುಕೊಂಡರೆ ಮುಂದೆ ಕೋಡ್ ಬರೆಯುವಾಗ ಅದೇ ತಪ್ಪು ಮಾಡುವುದಿಲ್ಲ. ಎಲ್‌ಸಿಡಿಯ ಚುಕ್ಕೆಗಳು ಗಾಜಿನ ಒಳಗೆ ಗಟ್ಟಿಯಾಗಿ ಕೂತಿರುತ್ತವೆ, ಅವುಗಳ ಎಣಿಕೆ ಬದಲಾಗುವುದಿಲ್ಲ. 1024 ಚುಕ್ಕೆಯ ಚಿತ್ರವನ್ನು 1920ಕ್ಕೆ ಹಂಚಬೇಕು ಅಂದರೆ ಒಂದು ಚುಕ್ಕೆಗೆ 1.875 ಚುಕ್ಕೆ ಸಿಗುತ್ತದೆ. ಅರ್ಧಂಬರ್ಧ ಚುಕ್ಕೆ ಅಂತ ಒಂದಿಲ್ಲ. ಅಕ್ಕಪಕ್ಕದ ಬಣ್ಣ ಬೆರೆಸಿ ತುಂಬಿಸುತ್ತದೆ. ನಿಮಗೆ ಕಂಡ ಮಸುಕು ಅದೇ. ಇನ್ನು ಉದ್ದಕ್ಕೆ 768ನ್ನು 1080ಕ್ಕೆ ಹಂಚಿದರೆ ಸುಮಾರು 1.4 ಪಟ್ಟು ಮಾತ್ರ. ಅಡ್ಡಕ್ಕೆ 1.875, ಉದ್ದಕ್ಕೆ 1.4. ಅಕ್ಷರ ಎಷ್ಟು ಎತ್ತರ ಬೆಳೆಯಿತೋ ಅದಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ ಅಗಲ ಬೆಳೆಯಿತು. ದುಂಡಗಿನ ಸೊನ್ನೆ ಅಡ್ಡ ಮಲಗಿದ ಮೊಟ್ಟೆಯ ಹಾಗೆ ಆಗುತ್ತದೆ. ದಿನಕ್ಕೆ ನೂರಾರು ಅಂಕಿ ಓದುವವರ ಕಣ್ಣಿಗೆ ಇದು ದೊಡ್ಡ ಹಿಂಸೆ. ರೆಸಲ್ಯೂಶನ್ ಈಗಲೇ 1920×1080ಕ್ಕೆ ವಾಪಸ್ ಹಾಕಿ, ಇನ್ನು ಮುಟ್ಟಬೇಡಿ.

ಇವತ್ತು ಸಂಜೆಯೇ ಮಾಡಬಹುದಾದ ಕೆಲಸ ಒಂದಿದೆ. ಕೋಡ್ ಬೇಡ. ವಿಂಡೋಸ್ 10 ಅಥವಾ 11 ಇದ್ದರೆ ಡೆಸ್ಕ್‌ಟಾಪಿನಲ್ಲಿ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಸ್ಕೇಲ್ ಅಂತ ಒಂದು ಆಯ್ಕೆ ಇದೆ. ಅದನ್ನು 100ರಿಂದ 125 ಪರ್ಸೆಂಟಿಗೆ ಏರಿಸಿ. ವಿಷುವಲ್ ಬೇಸಿಕ್ 6 ಬಂದಿದ್ದು 1998ರಲ್ಲಿ. ಆಗ ಎಲ್ಲರ ಮಾನಿಟರೂ ಇಂಚಿಗೆ 96 ಚುಕ್ಕೆಯದು ಅಂತ ವಿಂಡೋಸ್ ಅಂದುಕೊಂಡಿತ್ತು. ಹಾಗಾಗಿ ಆ ಕಾಲದ ಸಾಫ್ಟ್‌ವೇರಿಗೆ ಸ್ಕೇಲಿಂಗ್ ಸುದ್ದಿಯೇ ಗೊತ್ತಿಲ್ಲ. ವಿಂಡೋಸ್ ಅದಕ್ಕೆ "ನಿನ್ನ ಸ್ಕ್ರೀನ್ 1536×864" ಅಂತ ಹೇಳಿ, ಅದು ಬಿಡಿಸಿದ ಚಿತ್ರವನ್ನು ಹಿಂದಿನಿಂದ 1.25 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಅಡ್ಡಕ್ಕೂ ಉದ್ದಕ್ಕೂ ಒಂದೇ ಪ್ರಮಾಣ. ಅಕ್ಷರದ ಆಕಾರ ಕೆಡುವುದಿಲ್ಲ, ಗಾತ್ರ ಹೆಚ್ಚುಕಡಿಮೆ ಹಳೆ ಮಾನಿಟರಿನಷ್ಟೇ ಬರುತ್ತದೆ.

ಮಸುಕು ಮಾತ್ರ ಸ್ವಲ್ಪ ಉಳಿಯುತ್ತದೆ. ಅದಕ್ಕೂ ದಾರಿ ಇದೆ. ಸಾಫ್ಟ್‌ವೇರಿನ ಇಎಕ್ಸ್‌ಇ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬ್. ಅಲ್ಲಿ "ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್" ಒತ್ತಿದರೆ ಇನ್ನೊಂದು ಕಿಟಕಿ ಬರುತ್ತದೆ. ಅದರ ಕೆಳಗಿನ "ಓವರ್‌ರೈಡ್" ಚೌಕಕ್ಕೆ ಟಿಕ್ ಹಾಕಿ, ಪಟ್ಟಿಯಿಂದ "ಸಿಸ್ಟಮ್ ಎನ್‌ಹ್ಯಾನ್ಸ್ಡ್" ಆರಿಸಿ. 2017ರಲ್ಲಿ ವಿಂಡೋಸ್ 10ರ ಕ್ರಿಯೇಟರ್ಸ್ ಅಪ್‌ಡೇಟ್ ಜೊತೆ ಬಂದ ಸೌಕರ್ಯ ಇದು. ಜಿಡಿಐ ಎನ್ನುವ ಹಳೆ ಪದ್ಧತಿಯಲ್ಲಿ ಬರೆಯುವ ಸಾಫ್ಟ್‌ವೇರುಗಳ ಅಕ್ಷರವನ್ನು ವಿಂಡೋಸ್ ಎಳೆದು ಹಿಗ್ಗಿಸುವುದಿಲ್ಲ, ದೊಡ್ಡ ಗಾತ್ರದಲ್ಲಿ ಹೊಸದಾಗಿಯೇ ಬರೆಯುತ್ತದೆ. ವಿಷುವಲ್ ಬೇಸಿಕ್ ಆ ಜಾತಿಯದು. ಅಕ್ಷರ ಚೊಕ್ಕವಾಗಿ ಕಾಣುತ್ತದೆ. ಚಿತ್ರ, ಲೋಗೋ ಇದ್ದರೆ ಅವು ಮಾತ್ರ ಸ್ವಲ್ಪ ಮಂಕಾಗಿಯೇ ಉಳಿಯುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

125 ಚೆನ್ನಾಗಿದ್ದರೆ 150 ಇನ್ನೂ ಚೆನ್ನಾಗಿರಬೇಕಲ್ವಾ ಅಂತ ಅನಿಸಬಹುದು. ಹಾಗೆ ಮಾಡಬೇಡಿ. 150ರಲ್ಲಿ ನಿಮ್ಮ ಸಾಫ್ಟ್‌ವೇರಿಗೆ ಸಿಗುವ ಸ್ಕ್ರೀನ್ 1280×720. ನಿಮ್ಮ ಫಾರ್ಮ್ 768 ಎತ್ತರದ ಸ್ಕ್ರೀನಿಗೆಂದು ಹೊಲಿದದ್ದು. ಕೆಳಗಿನ ಸಾಲು ಟಾಸ್ಕ್‌ಬಾರಿನ ಹಿಂದೆ ಹೋಗುತ್ತದೆ. ಆ ಸಾಲಿನಲ್ಲೇ ಸಾಮಾನ್ಯವಾಗಿ ಸೇವ್ ಮತ್ತು ಪ್ರಿಂಟ್ ಬಟನ್ ಇರುವುದು. ಅಪ್ಪ ಇಡೀ ಬಿಲ್ ತುಂಬಿಸಿ ಕೊನೆಗೆ ಬಟನ್ ಹುಡುಕುತ್ತಾ ಕೂರಬೇಕಾಗುತ್ತದೆ.

ಬೇರೆ ಕೆಲವು ಉಪಾಯಗಳ ಬಗ್ಗೆಯೂ ಒಂದು ಮಾತು. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್ ಬರುತ್ತದೆ. ಅದರಲ್ಲಿ ಪರದೆಯ ಒಂದು ತುಂಡು ಮಾತ್ರ ಕಾಣುವುದರಿಂದ ಬಿಲ್ಲಿಂಗಿಗೆ ಆಗಿಬರುವುದಿಲ್ಲ. ಮ್ಯಾಗ್‌ಪೈ ಅಂತ ಒಂದು ಉಚಿತ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಯಾವ ಕಿಟಕಿಯನ್ನಾದರೂ ಫುಲ್ ಸ್ಕ್ರೀನಿಗೆ ಹಿಗ್ಗಿಸುತ್ತದೆ. ಸೋರ್ಸ್ ಕೋಡ್ ಕೈಯಲ್ಲಿ ಇಲ್ಲದವರಿಗೆ, ಹಳೆ ಆಟ ಆಡುವವರಿಗೆ ಅದು ಒಳ್ಳೆಯದು. ನಿಮ್ಮ ಹತ್ತಿರ ಕೋಡ್ ಇದೆ. ಅದು ದೊಡ್ಡ ಆಸ್ತಿ. ಸಾಫ್ಟ್‌ವೇರ್ ಬರೆಸಿದ ಎಷ್ಟೋ ಅಂಗಡಿಯವರಿಗೆ ಬರೆದವರ ಫೋನ್ ನಂಬರ್ ಕೂಡ ಗೊತ್ತಿರುವುದಿಲ್ಲ.

ಈಗ ಕೋಡಿನ ವಿಷಯಕ್ಕೆ ಬರೋಣ. ಫಾರ್ಮಿನ ಗಾತ್ರ ಬದಲಾದಾಗಲೆಲ್ಲ ವಿಷುವಲ್ ಬೇಸಿಕ್ ಫಾರ್ಮ್ ರೀಸೈಜ್ ಎನ್ನುವ ಈವೆಂಟನ್ನು ಕರೆಯುತ್ತದೆ. ನಾವು ಮಾಡಬೇಕಾದ್ದು ಅದರ ಒಳಗೆ. ಫಾರ್ಮಿನ ಮೇಲಿರುವ ಬಾಕ್ಸ್, ಬಟನ್, ಲೇಬಲ್ ಇವಕ್ಕೆಲ್ಲ ಕಂಟ್ರೋಲ್ ಅನ್ನುತ್ತಾರೆ. ಫಾರ್ಮ್ ತೆರೆಯುವಾಗ ಪ್ರತಿ ಕಂಟ್ರೋಲಿನ ಎಡ, ಮೇಲು, ಅಗಲ, ಎತ್ತರ, ಅಕ್ಷರದ ಗಾತ್ರ ಈ ಐದನ್ನು ಒಂದು ಅರೇಯಲ್ಲಿ ಬರೆದಿಡಿ. ಫಾರ್ಮಿನ ಒಳ ಅಗಲ ಮತ್ತು ಒಳ ಎತ್ತರವನ್ನೂ, ಅಂದರೆ ಸ್ಕೇಲ್‌ವಿಡ್ತ್ ಮತ್ತು ಸ್ಕೇಲ್‌ಹೈಟ್, ಡಿಸೈನ್ ಮಾಡಿದಾಗ ಎಷ್ಟಿತ್ತು ಅಂತ ನೋಡಿ ಸ್ಥಿರ ಸಂಖ್ಯೆಯಾಗಿ ಕೋಡಿನಲ್ಲೇ ಹಾಕಿ. ರೀಸೈಜ್ ಆದಾಗ ಈಗಿನ ಒಳ ಅಗಲವನ್ನು ಮೂಲ ಅಗಲದಿಂದ ಭಾಗಿಸಿ. ಎತ್ತರಕ್ಕೂ ಹಾಗೇ. ಎರಡು ಸಂಖ್ಯೆ ಸಿಗುತ್ತದೆ. ನಿಮ್ಮ ಮಾನಿಟರಿನಲ್ಲಿ ಸುಮಾರು 1.875 ಮತ್ತು 1.4. ಇದರಲ್ಲಿ ಸಣ್ಣದನ್ನು ಆರಿಸಿ. ಎಲ್ಲವನ್ನೂ ಅದೇ 1.4ರಿಂದ ಗುಣಿಸಿ. ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಅಂತ ಬೇರೆ ಬೇರೆ ಗುಣಿಸಿದರೆ ರೆಸಲ್ಯೂಶನ್ ಇಳಿಸಿದಾಗ ಕಂಡ ಆ ಮೊಟ್ಟೆಯಾಕಾರವನ್ನು ನಾವೇ ಕೋಡ್ ಬರೆದು ತಂದ ಹಾಗೆ ಆಗುತ್ತದೆ.

ಲೆಕ್ಕಕ್ಕೆ ಸ್ಕ್ರೀನಿನ ಅಳತೆ ತೆಗೆದುಕೊಳ್ಳಬೇಡಿ, ಫಾರ್ಮಿನ ಒಳ ಅಳತೆಯನ್ನೇ ತೆಗೆದುಕೊಳ್ಳಿ. ಟಾಸ್ಕ್‌ಬಾರ್, ಮೇಲಿನ ಟೈಟಲ್ ಪಟ್ಟಿ ಎರಡೂ ಜಾಗ ತಿನ್ನುತ್ತವೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಮತ್ತೆ ಕೆಳಗಿನ ಸಾಲಿಗೇ ಕುತ್ತು.

ಮೂಲ ಅಳತೆಯನ್ನು ಬರೆದಿಡಿ ಅಂತ ಹೇಳಿದೆನಲ್ಲ, ಅದು ಯಾಕೆ ಎನ್ನುವುದನ್ನು ಒಂದು ಅನುಭವದ ಮೂಲಕ ಹೇಳುತ್ತೇನೆ. ತುಂಬ ವರ್ಷದ ಹಿಂದೆ ಮಲ್ಪೆಯಲ್ಲಿ ಮೀನಿನ ವ್ಯಾಪಾರಿಯೊಬ್ಬರ ಕಚೇರಿಗೆ ಇಂಥದ್ದೇ ಕೆಲಸ ಮಾಡಿಕೊಟ್ಟಿದ್ದೆ. ನಾನು ಮೂಲ ಅಳತೆ ಇಟ್ಟುಕೊಳ್ಳದೆ, ಈಗ ಇರುವ ಅಳತೆಯನ್ನು ಆಗಿಂದಾಗ ಗುಣಿಸುತ್ತಾ ಹೋಗಿದ್ದೆ. ವಿಷುವಲ್ ಬೇಸಿಕ್ ಲೆಕ್ಕ ಮಾಡುವುದು ಟ್ವಿಪ್ ಎನ್ನುವ ಅಳತೆಯಲ್ಲಿ. ಒಂದು ಇಂಚಿಗೆ 1440 ಟ್ವಿಪ್, ಮಾಮೂಲಿ ಸೆಟ್ಟಿಂಗಿನಲ್ಲಿ ಒಂದು ಚುಕ್ಕೆಗೆ 15. ಕಂಟ್ರೋಲ್ ಮಾತ್ರ ಪೂರ್ತಿ ಚುಕ್ಕೆಯ ಮೇಲೇ ಕೂರಬೇಕು. ಹಾಗಾಗಿ ಪ್ರತಿ ಸಲ ಗುಣಿಸಿದಾಗ ಒಂದಿಷ್ಟು ಟ್ವಿಪ್ ಅತ್ತ ಇತ್ತ ಸರಿಯುತ್ತದೆ. ಒಂದು ಸಲಕ್ಕೆ ಏನೂ ಗೊತ್ತಾಗುವುದಿಲ್ಲ. ಅಲ್ಲಿಯವರು ಬೆಳಿಗ್ಗೆ ಬೋಟು ಬಂದಾಗಿನಿಂದ ಕಿಟಕಿಯನ್ನು ಹತ್ತಾರು ಸಲ ಚಿಕ್ಕದು ಮಾಡಿ, ದೊಡ್ಡದು ಮಾಡಿ ಕೆಲಸ ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ದರದ ಬಾಕ್ಸ್ ಕುಗ್ಗಿ, ಅಂಜಲ್ ಮೀನಿನ ದರದ ಸಾಲಿನಲ್ಲಿ 725 ಇದ್ದದ್ದು 72 ಅಂತ ಕಾಣುತ್ತಿತ್ತು. ಒಳಗೆ ಲೆಕ್ಕ ಸರಿಯೇ ಇತ್ತು, ಕೊನೆಯ ಅಂಕಿ ಮಾತ್ರ ಬಾಕ್ಸಿನ ಅಂಚಿನಲ್ಲಿ ಮರೆಯಾಗಿತ್ತು. ಅಲ್ಲಿನ ಹುಡುಗ ತಪ್ಪು ಬಿದ್ದಿದೆ ಅಂದುಕೊಂಡು ಇನ್ನೊಂದು 5 ಸೇರಿಸಿದ. ಬಿಲ್ಲು 7255 ದರದಲ್ಲಿ ಹೋಯಿತು. ಫೋನ್ ಬಂದಾಗ ನನಗೆ ಆದ ಸಂಕಟ ಈಗಲೂ ನೆನಪಿದೆ. ಅವತ್ತಿನಿಂದ ಮೂಲ ಅಳತೆಯಿಂದಲೇ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತೇನೆ. ನೀವೂ ಹಾಗೇ ಮಾಡಿ.

ಅದೇ ಈವೆಂಟಿನ ಮೊದಲ ಸಾಲಿನಲ್ಲಿ ಇನ್ನೊಂದು ಕಾವಲು ಬೇಕು. ಕಿಟಕಿಯನ್ನು ಮಿನಿಮೈಸ್ ಮಾಡಿದಾಗಲೂ ರೀಸೈಜ್ ಕರೆ ಬರುತ್ತದೆ. ಆಗ ಲೆಕ್ಕ ಹಾಕಲು ಹೋಗಬಾರದು, ಸುಮ್ನೆ ಹೊರಗೆ ಬಂದುಬಿಡಬೇಕು. ಇಲ್ಲದಿದ್ದರೆ ಅಗಲ ಸೊನ್ನೆಗಿಂತ ಕೆಳಗೆ ಹೋಗಿ 380 ನಂಬರಿನ ಎರರ್ ಬರಬಹುದು.

ಎಲ್ಲ ಕಂಟ್ರೋಲುಗಳೂ ಹೇಳಿದ ಹಾಗೆ ಕೇಳುವುದಿಲ್ಲ. ಕಾಂಬೋ ಬಾಕ್ಸಿನ ಎತ್ತರವನ್ನು ಕೋಡಿನಿಂದ ಬದಲಾಯಿಸಲು ಬಿಡುವುದಿಲ್ಲ. ಅದರ ಅಕ್ಷರ ದೊಡ್ಡದು ಮಾಡಿದರೆ ಎತ್ತರ ತಾನಾಗಿ ಬೆಳೆಯುತ್ತದೆ. ಟೈಮರಿಗೆ ಅಗಲ, ಎತ್ತರ ಎರಡೂ ಇಲ್ಲ, ಅದನ್ನು ಬಿಟ್ಟು ಮುಂದೆ ಹೋಗಬೇಕು. ಗೆರೆಗಳಿಗೆ ಎಡ, ಅಗಲ ಅಂತ ಇಲ್ಲ, ಎರಡು ತುದಿಗಳ ಅಳತೆ ಇರುತ್ತದೆ. ಅವನ್ನು ಬೇರೆಯೇ ಗುಣಿಸಬೇಕು. ಲಿಸ್ಟ್ ಬಾಕ್ಸ್ ಪೂರ್ತಿ ಸಾಲು ಹಿಡಿಯುವಷ್ಟು ಎತ್ತರಕ್ಕೆ ತನ್ನನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಬೇಡವೆಂದರೆ ಡಿಸೈನ್ ಮಾಡುವಾಗಲೇ ಅದರ ಇಂಟೆಗ್ರಲ್‌ಹೈಟ್ ಅನ್ನು ಫಾಲ್ಸ್ ಮಾಡಿಡಿ. ಗ್ರಿಡ್, ಅಂದರೆ ಸಾಲು ಮತ್ತು ಕಾಲಂಗಳ ಪಟ್ಟಿ, ಇದ್ದರೆ ಹೊರಗಿನ ಚೌಕಟ್ಟು ದೊಡ್ಡದಾದರೂ ಒಳಗಿನ ಕಾಲಂ ಅಗಲ, ಸಾಲಿನ ಎತ್ತರ ಹಾಗೇ ಇರುತ್ತದೆ, ಅವನ್ನೂ ಒಂದೊಂದಾಗಿ ಗುಣಿಸಬೇಕು. ಫ್ರೇಮಿನ ಒಳಗೆ ಇರುವ ಕಂಟ್ರೋಲುಗಳ ಬಗ್ಗೆ ಚಿಂತೆ ಬೇಡ. ಅವುಗಳ ಅಳತೆ ಫ್ರೇಮಿನ ಮೂಲೆಯಿಂದ ಲೆಕ್ಕ, ಅದೇ ಪ್ರಮಾಣದಲ್ಲಿ ಗುಣಿಸಿದರೆ ಸರಿಯಾಗುತ್ತದೆ.

ಎಲ್ಲಕ್ಕಿಂತ ಕಷ್ಟ ಕೊಡುವುದು ಟ್ಯಾಬ್ ಕಂಟ್ರೋಲ್. ನಿಮ್ಮ ಸಾಫ್ಟ್‌ವೇರಿನಲ್ಲಿ "ಖರೀದಿ", "ಮಾರಾಟ" ಅಂತ ಟ್ಯಾಬ್‌ಗಳಿದ್ದರೆ ಈ ಮಾತು ನಿಮಗೆ. ಎಸ್‌ಎಸ್‌ಟ್ಯಾಬ್ ಎನ್ನುವ ಕಂಟ್ರೋಲ್, ಮುಂದೆ ಇಲ್ಲದ ಟ್ಯಾಬಿನ ಒಳಗಿನದನ್ನೆಲ್ಲ ಅಡಗಿಸಲು ಒಂದು ಉಪಾಯ ಮಾಡುತ್ತದೆ. ಅವುಗಳ ಎಡ ಅಳತೆಯಿಂದ 75000 ಟ್ವಿಪ್ ಕಳೆದು, ಸ್ಕ್ರೀನಿನ ಆಚೆಗೆ ತಳ್ಳಿಬಿಡುತ್ತದೆ. ನೀವು ಅದನ್ನೂ 1.4ರಿಂದ ಗುಣಿಸಿದರೆ ಟ್ಯಾಬ್ ಬದಲಾಯಿಸಿದಾಗ ಅದು 75000 ಮಾತ್ರ ವಾಪಸ್ ಸೇರಿಸುತ್ತದೆ, ಕಂಟ್ರೋಲುಗಳು ದಾರಿಯಲ್ಲೇ ಉಳಿಯುತ್ತವೆ. ಮಾರಾಟದ ಟ್ಯಾಬ್ ತೆರೆದರೆ ಬರೀ ಖಾಲಿ. ಎಡ ಅಳತೆ ಸೊನ್ನೆಗಿಂತ ತುಂಬ ಕೆಳಗಿದ್ದರೆ ಮೊದಲು 75000 ಕೂಡಿಸಿ, ಆಮೇಲೆ ಗುಣಿಸಿ, ಕೊನೆಗೆ 75000 ಕಳೆಯಿರಿ. ಮೂರು ಸಾಲಿನ ಕೆಲಸ. ಗೊತ್ತಿಲ್ಲದಿದ್ದರೆ ಮೂರು ದಿನ ತಿನ್ನುತ್ತದೆ.

ಈಗ ಅಕ್ಷರ. ಹಳೆ ಫಾರ್ಮುಗಳಲ್ಲಿ ಇಂಗ್ಲಿಷ್ ಮತ್ತು ಅಂಕಿಗೆ ಸಾಮಾನ್ಯವಾಗಿ ಎಂಎಸ್ ಸಾನ್ಸ್ ಸೆರಿಫ್ ಇರುತ್ತದೆ. ಅದು ಚುಕ್ಕೆಗಳಲ್ಲೇ ಮಾಡಿಟ್ಟ ಫಾಂಟ್. 8, 10, 12, 14, 18, 24 ಹೀಗೆ ಕೆಲವೇ ಗಾತ್ರ ಅದರಲ್ಲಿ ಇವೆ. 11.5 ಕೇಳಿದರೆ ಹತ್ತಿರದ್ದೊಂದನ್ನು ಕೊಡುತ್ತದೆ. ಅದರ ಬದಲು ತಾಹೋಮಾ ಹಾಕಿ, ಯಾವ ಗಾತ್ರಕ್ಕೂ ಹೊಂದಿಕೊಳ್ಳುತ್ತದೆ. ಆದರೆ ಕನ್ನಡ ಲೇಬಲ್‌ಗಳಿಗೆ ಕೈ ಹಾಕಬೇಡಿ. ವಿಷುವಲ್ ಬೇಸಿಕ್ 6ರ ಮಾಮೂಲಿ ಕಂಟ್ರೋಲುಗಳಿಗೆ ಯೂನಿಕೋಡ್ ಬರುವುದಿಲ್ಲ. ಹಾಗಾಗಿ ನಿಮ್ಮ ಕನ್ನಡ ಹೆಸರುಗಳು ನುಡಿಯಂಥ ಹಳೆ ಫಾಂಟಿನಲ್ಲಿ ಇರುತ್ತವೆ. ಅಲ್ಲಿ ಫಾಂಟ್ ಹೆಸರು ಬದಲಾಯಿಸಿದರೆ "ತೂಕ" ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದು ಕೂರುತ್ತದೆ. ಗಾತ್ರ ಮಾತ್ರ ಬದಲಾಯಿಸಿ, ಹೆಸರು ಹಾಗೇ ಇರಲಿ.

ಕನ್ನಡಕ್ಕೆ ಇನ್ನೊಂದು ವಿಶೇಷ ಎಚ್ಚರಿಕೆ ಬೇಕು. ಈ ಮಾತನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಇಂಗ್ಲಿಷ್ ಅಕ್ಷರದ ಕೆಳಗೆ ಜಾಸ್ತಿ ಏನೂ ಇರುವುದಿಲ್ಲ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಲೇಬಲಿನ ಎತ್ತರ ಎರಡು ಚುಕ್ಕೆ ಕಡಿಮೆ ಆದರೂ ಒತ್ತು ಕತ್ತರಿಸಿ ಹೋಗುತ್ತದೆ. "ಒಟ್ಟು" ಇದ್ದದ್ದು "ಒಟು" ಆಗುತ್ತದೆ. "ಮೊತ್ತ" ಇದ್ದದ್ದು "ಮೊತ". ಅಡಿಕೆಯ ಬಗೆಗಳಲ್ಲಿ "ಪಟೋರ", "ಕರಿಗೋಟು" ಇವೆರಡರಲ್ಲಿ ಒತ್ತೇ ಇಲ್ಲ, ಅವು ಬಚಾವ್. "ಉಳ್ಳಿಗಡ್ಡೆ"ಯಲ್ಲಿ ಎರಡು ಒತ್ತು, "ಡಬ್ಬಲ್ ಚೋಲ್"ನಲ್ಲಿ ಒಂದು. ಹೊಸ ಪರದೆ ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಈ ಎರಡು ಹೆಸರಿನ ಕಾಲಡಿ ನೋಡಿದರೆ ಸಾಕು. ಲೆಕ್ಕದ ಪ್ರಕಾರ ಎತ್ತರವೂ ಅಕ್ಷರವೂ ಒಂದೇ ಪ್ರಮಾಣದಲ್ಲಿ ಬೆಳೆಯುವಾಗ ಕತ್ತರಿಸಬಾರದು. ಆದರೆ ಅಕ್ಷರ ಪೂರ್ತಿ ಚುಕ್ಕೆಯ ಲೆಕ್ಕದಲ್ಲೇ ಬೆಳೆಯುತ್ತದೆ. ವಿಷುವಲ್ ಬೇಸಿಕ್‌ನಲ್ಲಿ 8 ಕೊಟ್ಟ ಅಕ್ಷರ 8.25 ಅಂತ ತೋರಿಸುವುದು ಇದೇ ಕಾರಣಕ್ಕೆ, ಅದು ಸರಿಯಾಗಿ 11 ಚುಕ್ಕೆ. 1.4ರಿಂದ ಗುಣಿಸಿದರೆ ಬರುವ 11.55 ಪೂರ್ತಿ ಚುಕ್ಕೆಗೆ ಹೊಂದುವುದಿಲ್ಲ, ಹತ್ತಿರದ ಚುಕ್ಕೆಗೆ ಏರುತ್ತದೆ ಅಥವಾ ಇಳಿಯುತ್ತದೆ. ಏರಿದರೆ ಒತ್ತು ಹೊರಗೆ. ಹಾಗಾಗಿ ಬಾಕ್ಸನ್ನು 1.4ರಿಂದ ಗುಣಿಸಿದರೆ ಅಕ್ಷರವನ್ನು 1.35ರಿಂದ ಗುಣಿಸಿ. ಅಷ್ಟು ಉಸಿರಾಡುವ ಜಾಗ ಕನ್ನಡಕ್ಕೆ ಬೇಕು.

ಇಷ್ಟು ಮಾಡಿದಾಗ ಅಕ್ಷರ ಹಳೆ ಮಾನಿಟರಿನಲ್ಲಿ ಇದ್ದದ್ದಕ್ಕಿಂತ ಎಂಟನೇ ಒಂದು ಪಾಲು ದೊಡ್ಡದಾಗುತ್ತದೆ. ಅಪ್ಪನಿಗೆ ಬೇಕಾದದ್ದು ಸಿಕ್ಕಿತು.

ನಿಮ್ಮ ದೂರು ಇನ್ನೂ ಉಳಿದಿದೆ. 1024ನ್ನು 1.4ರಿಂದ ಗುಣಿಸಿದರೆ ಸುಮಾರು 1434 ಚುಕ್ಕೆ. ಸ್ಕ್ರೀನ್ 1920. ಬಲಗಡೆ 480ರ ಆಸುಪಾಸು ಖಾಲಿ. ಸಿನಿಮಾ, ಆಟ ಇಂಥವುಗಳಲ್ಲಿ ಇದನ್ನು ಅರ್ಧರ್ಧ ಹಂಚಿ ಎರಡೂ ಬದಿ ಕಪ್ಪು ಪಟ್ಟಿ ಬಿಡುತ್ತಾರೆ. ಬಿಲ್ಲಿಂಗಿಗೆ ಹಾಗೆ ಬಿಡುವುದು ನನಗೆ ಇಷ್ಟವಿಲ್ಲ. ಆ ಜಾಗವನ್ನು ಗ್ರಿಡ್ಡಿಗೆ ಕೊಡಿ. ಗೋಣಿ, ತೂಕ, ದರ, ಮೊತ್ತದ ಸಾಲುಗಳು ಬರುವ ಆ ಗ್ರಿಡ್ ಮಾತ್ರ ಬಲ ಅಂಚಿನವರೆಗೆ ಚಾಚಲಿ. ಅದರಲ್ಲೂ ಅಂಕಿಯ ಕಾಲಂಗಳನ್ನು ಅಗಲ ಮಾಡಬೇಡಿ. ತೂಕಕ್ಕೂ ದರಕ್ಕೂ ನಡುವೆ ಅಂಗೈ ಅಗಲ ಖಾಲಿ ಇದ್ದರೆ ಕಣ್ಣು ಸಾಲು ತಪ್ಪುತ್ತದೆ, ಮೇಲಿನ ಸಾಲಿನ ತೂಕಕ್ಕೆ ಕೆಳಗಿನ ಸಾಲಿನ ದರ ಸೇರಿಸಿ ಓದುವ ಅಪಾಯ ಇದೆ. ಬೆಳೆಯುವುದಿದ್ದರೆ ಅಡಿಕೆಯ ಬಗೆ ಮತ್ತು ಷರಾ ಬರೆಯುವ ಕಾಲಂ ಬೆಳೆಯಲಿ. ಕೆಳಗೆ ಬಲಕ್ಕಿದ್ದ "ಒಟ್ಟು" ಬಾಕ್ಸನ್ನು ಹೊಸ ಬಲ ಅಂಚಿಗೆ ಸರಿಸಿ, ಮೊತ್ತದ ಕಾಲಮ್ಮಿನ ನೇರ ಕೆಳಗೆ ಬರಲಿ. ಅಪ್ಪನ ಕಣ್ಣು ಹುಡುಕುವುದು ಅಲ್ಲಿಯೇ. ಮೇಲಿನ ಪಾರ್ಟಿ ಹೆಸರು, ತಾರೀಕು, ಬಿಲ್ ನಂಬರ್ ಎಡಕ್ಕೇ ಇರಲಿ, ಅವನ್ನು ನಡುವಿಗೆ ತರಬೇಡಿ. ಟ್ಯಾಬ್ ಕೀ ಒತ್ತಿದಾಗ ಯಾವುದಾದ ಮೇಲೆ ಯಾವುದು ಎನ್ನುವ ಕ್ರಮ ಗಾತ್ರ ಬದಲಾಯಿಸಿದರೆ ಕೆಡುವುದಿಲ್ಲ. ಕೈ ತಾನಾಗಿ ನಡೆಯುತ್ತದೆ.

ಕೋಡ್ ಮುಗಿದ ಮೇಲೆ ಸ್ಕೇಲನ್ನು 125ರಿಂದ 100ಕ್ಕೆ ಇಳಿಸಿ, ಪ್ರಾಪರ್ಟೀಸ್‌ನಲ್ಲಿ ಹಾಕಿದ ಟಿಕ್ ತೆಗೆಯಿರಿ. ಈಗ ಸಾಫ್ಟ್‌ವೇರ್ ತಾನೇ ಬೆಳೆಯುತ್ತದೆ, ವಿಂಡೋಸ್ ಹಿಗ್ಗಿಸುವ ಅಗತ್ಯವಿಲ್ಲ. ಬೇರೆ ಸಾಫ್ಟ್‌ವೇರುಗಳಿಗೆ 125 ಹಿತ ಅನಿಸಿದರೆ ಅದನ್ನೇ ಇಟ್ಟು, ಈ ಒಂದು ಇಎಕ್ಸ್‌ಇಗೆ ಮಾತ್ರ ಅದೇ ಪಟ್ಟಿಯಲ್ಲಿ "ಅಪ್ಲಿಕೇಶನ್" ಆರಿಸಿ. ಟ್ವಿಪ್ ಲೆಕ್ಕ ಇಂಚಿನ ಲೆಕ್ಕ ಆದ್ದರಿಂದ ನಿಮ್ಮ ಗುಣಾಕಾರ ಅಲ್ಲಿಯೂ ಸರಿಯಾಗುತ್ತದೆ.

ಸಿ ಶಾರ್ಪ್ ಗೊತ್ತು ಅಂದಿದ್ದೀರಿ. ಮುಂದೆ ಯಾವತ್ತಾದರೂ ಹೊಸದಾಗಿ ಬರೆಯುವುದಾದರೆ ಪರದೆ ಕಟ್ಟಲು ಡಬ್ಲ್ಯುಪಿಎಫ್ ಎನ್ನುವ ಪದ್ಧತಿ ಆರಿಸಿ. ಅದೇ ಕೆಲಸಕ್ಕೆ ಇರುವ ಹಳೆ ಪದ್ಧತಿ ವಿನ್‌ಫಾರ್ಮ್ಸ್‌ನಲ್ಲೂ ಆಂಕರ್, ಡಾಕ್, ಟೇಬಲ್ ಲೇಔಟ್ ಪ್ಯಾನೆಲ್ ಇವೆ. ಆದರೆ ಅವು ಬಾಕ್ಸನ್ನು ಚಾಚುತ್ತವೆ, ಅಕ್ಷರವನ್ನು ಬೆಳೆಸುವುದಿಲ್ಲ. ಆಂಕರ್ ಹಾಕಿ ಅಕ್ಷರ ಯಾಕೆ ದೊಡ್ಡದಾಗಲಿಲ್ಲ ಅಂತ ಕೇಳುವವರು ಬಹಳ. ಡಬ್ಲ್ಯುಪಿಎಫ್‌ನಲ್ಲಿ ಅಳತೆ ಮೊದಲಿನಿಂದಲೂ ಚುಕ್ಕೆಯದಲ್ಲ, ಇಂಚಿನ 96ನೇ ಒಂದು ಭಾಗದ್ದು. ವ್ಯೂಬಾಕ್ಸ್ ಎನ್ನುವುದರ ಒಳಗೆ ಇಡೀ ಫಾರ್ಮನ್ನು ಇಟ್ಟು ಸ್ಟ್ರೆಚ್ ಎಂಬಲ್ಲಿ ಯೂನಿಫಾರ್ಮ್ ಅಂತ ಕೊಟ್ಟರೆ, ಮೇಲೆ ಹೇಳಿದ ಸಣ್ಣ ಪ್ರಮಾಣದ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ಅಕ್ಷರ ಚೂಪಾಗಿಯೇ ಇರುತ್ತದೆ. ಆದರೂ ವ್ಯೂಬಾಕ್ಸಿನಲ್ಲಿ ಗ್ರಿಡ್ ಚಾಚುವುದಿಲ್ಲ, ಬದಿಯ ಖಾಲಿ ಜಾಗ ಹಾಗೇ ಉಳಿಯುತ್ತದೆ. ನಾನಾದರೆ ಲೇಔಟ್ ಟ್ರಾನ್ಸ್‌ಫಾರ್ಮ್‌ನಲ್ಲಿ ಒಂದು ಸ್ಕೇಲ್ ಕೊಟ್ಟು, ಅಪ್ಪನಿಗೆ ಬೇಕಾದಷ್ಟು ಏರಿಸಲು ಇಳಿಸಲು ಎರಡು ಬಟನ್ ಇಡುತ್ತೇನೆ. ರೆಂಡರ್ ಟ್ರಾನ್ಸ್‌ಫಾರ್ಮ್ ಬಳಸಬೇಡಿ. ಅದು ಬಿಡಿಸಿದ್ದನ್ನು ಮಾತ್ರ ಹಿಗ್ಗಿಸುತ್ತದೆ, ಅಕ್ಕಪಕ್ಕದವು ಸರಿದು ಜಾಗ ಕೊಡುವುದಿಲ್ಲ. ಅಲ್ಲಿ ಕನ್ನಡಕ್ಕೆ ಯೂನಿಕೋಡ್ ಇರುತ್ತದೆ, ವಿಂಡೋಸ್ 8ರಿಂದ ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ. ಹಳೆ ಪಾರ್ಟಿ ಹೆಸರುಗಳನ್ನು ನುಡಿಯಿಂದ ಯೂನಿಕೋಡಿಗೆ ತಿರುಗಿಸುವ ಕೆಲಸ ಮಾತ್ರ ಬೇರೆ ಇದೆ. ಅವಸರ ಏನಿಲ್ಲ. ಅಡಿಕೆ ಬರುವ ಸೀಸನ್ನಿನಲ್ಲಿ ಅದಕ್ಕೆ ಕೈ ಹಾಕಬೇಡಿ.

ಕೊನೆಗೆ ಪ್ರಿಂಟಿನ ವಿಷಯ. ಕೋಡಿನಲ್ಲಿ ಬಿಲ್ಲನ್ನು ಪ್ರಿಂಟರ್ ಆಬ್ಜೆಕ್ಟಿಗೆ ಸಾಲು ಸಾಲಾಗಿ ಬರೆದಿದ್ದರೆ ಪರದೆ ಎಷ್ಟು ಬೆಳೆದರೂ ಕಾಗದದ ಮೇಲೆ ವ್ಯತ್ಯಾಸ ಬರುವುದಿಲ್ಲ. ಆದರೆ ಪ್ರಿಂಟ್‌ಫಾರ್ಮ್ ಎನ್ನುವ ಒಂದೇ ಸಾಲಿನಿಂದ ಪ್ರಿಂಟ್ ತೆಗೆಯುತ್ತಿದ್ದರೆ ಅದು ಫಾರ್ಮಿನ ಚಿತ್ರವನ್ನೇ ಪ್ರಿಂಟರಿಗೆ ಕಳಿಸುತ್ತದೆ. ಫಾರ್ಮ್ 1.4 ಪಟ್ಟು ಬೆಳೆದರೆ ಬಿಲ್ಲಿನ ಬಲ ಭಾಗ, ಅಂದರೆ ಮೊತ್ತದ ಕಾಲಂ, ಕಾಗದದ ಹೊರಗೆ ಹೋಗಬಹುದು. ಕೋಡ್ ತೆರೆದ ಕೂಡಲೇ ಆ ಪದವನ್ನು ಹುಡುಕಿ ನೋಡಿ. ಸಿಕ್ಕಿದರೆ ಪ್ರಿಂಟ್ ಮಾಡುವ ಮೊದಲು ಪ್ರಮಾಣವನ್ನು 1ಕ್ಕೆ ತಂದು, ಪ್ರಿಂಟ್ ಆದ ಮೇಲೆ ವಾಪಸ್ ಏರಿಸಿ. ಹಳೆ ಇಎಕ್ಸ್‌ಇಯನ್ನು ಅಳಿಸಬೇಡಿ, ಬೇರೆ ಹೆಸರಿನಲ್ಲಿ ಪಕ್ಕದಲ್ಲೇ ಇಡಿ. ಹೊಸದರಲ್ಲಿ ಒಂದು ಭಾನುವಾರ ಹಳೆ ಬಿಲ್ಲುಗಳನ್ನೇ ಹತ್ತು ಹನ್ನೆರಡು ತುಂಬಿಸಿ ನೋಡಿ. ಅಪ್ಪನನ್ನೇ ಕೂರಿಸಿ, ನೀವು ಪಕ್ಕದಲ್ಲಿ ಮಾತಾಡದೆ ನೋಡುತ್ತಾ ಇರಿ. ಅವರು ಎಲ್ಲಿ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡುತ್ತಾರೋ ಆ ಬಾಕ್ಸಿನ ಹೆಸರು ಬರೆದುಕೊಳ್ಳಿ. ಸೋಮವಾರ ತಿದ್ದಬೇಕಾದದ್ದು ಅದನ್ನೇ.